ಮದುವೆ ಸ್ಟೇಜಿನ ಬ್ಯಾಕ್‌ಡ್ರಾಪ್ ಮನೇಲೇ ಮಾಡಿದ್ವಿ: ಪೈಪು, ಬಟ್ಟೆ, ಕಾಗದದ ಹೂವು, ಲೈಟು

ತಂಗಿ ಮದುವೆಗೆ ದುಡ್ಡು ಕಮ್ಮಿ ಇತ್ತು, ಸಾಲ ಮಾಡಬಾರದು ಅಂತ ಎರಡೂ ಮನೆಯವರು ಮೊದಲೇ ಮಾತಾಡ್ಕೊಂಡಿದ್ವಿ. ಹಾಗಾಗಿ ಖರ್ಚಿನ ಪಟ್ಟಿ ಬರೆಯೋಕೆ ಕೂತಾಗ ಒಂದು ಹಾಳೆನ ಎರಡು ಭಾಗ ಮಾಡಿದ್ವಿ. ಒಂದು ಕಡೆ ತಲೆ ಲೆಕ್ಕದಲ್ಲಿ ಬೆಳೆಯೋ ಖರ್ಚು, ಅಂದ್ರೆ ಊಟ, ಕುರ್ಚಿ, ಕೊಡೋ ಗಿಫ್ಟು ಇಂಥವು. ಇನ್ನೊಂದು ಕಡೆ ಐವತ್ತು ಜನ ಬಂದ್ರೂ ಐನೂರು ಜನ ಬಂದ್ರೂ ಬದಲಾಗದೇ ಇರೋದು, ಸ್ಟೇಜು, ಮೈಕು, ಫೋಟೋ, ಬಟ್ಟೆ. ಮೊದಲನೇದು ಇಳಿಬೇಕು ಅಂದ್ರೆ ಕರೆಯೋರ ಲಿಸ್ಟು ಚಿಕ್ಕದಾಗ್ಬೇಕು, ಅದಕ್ಕೆ ಬೇರೆ ಯಾವ ದಾರಿನೂ ಇಲ್ಲ, ಅದನ್ನ ಅಪ್ಪ ಅಮ್ಮ ಕೂತು ಮುಗಿಸಿದ್ರು. ಎರಡನೇದರಲ್ಲಿ ಮಾತ್ರ ಕೈಯಲ್ಲಿ ಮಾಡಿ ಉಳಿಸೋಕೆ ಜಾಗ ಇತ್ತು.

ಆದ್ರೆ ಎಲ್ಲಾ ಕೈಯಲ್ಲಿ ಮಾಡ್ತೀವಿ ಅಂತ ಹೊರಟ್ರೆ ಮದುವೆ ದಿನ ಮನೆಯವರು ಯಾರೂ ಮದುವೆ ನೋಡಲ್ಲ. ಅದಕ್ಕೆ ಒಂದು ನಿಯಮ ಇಟ್ಕೊಂಡೆ: ಮುಂಚೆನೇ ಪೂರ್ತಿ ಮುಗಿಸಿ ಡಬ್ಬದಲ್ಲಿ ಇಡಬಹುದಾದ ಕೆಲಸ ಮಾತ್ರ ನಾವು ಮಾಡೋದು, ಅದೇ ದಿನ ಕೈ ಬೇಡೋ ಕೆಲಸ ದುಡ್ಡು ಕೊಟ್ಟು ಮಾಡಿಸೋದು. ಅಡುಗೆ ಈ ನಿಯಮಕ್ಕೆ ಫೇಲ್. ನಿಜವಾದ ಹೂವಿನ ಅಲಂಕಾರನೂ ಫೇಲ್, ಹಿಂದಿನ ರಾತ್ರಿ ಎಲ್ಲರೂ ಎದ್ದು ಕೂರ್ಬೇಕು, ಬಾಡೋ ಭಯ ಬೇರೆ. ಸ್ಟೇಜಿನ ಹಿಂದಿನ ಅಲಂಕಾರ ಪಾಸ್, ಜೊತೆಗೆ ಪ್ರತಿ ಫೋಟೋದಲ್ಲೂ ಬರೋದು ಅದೇ. ತಂಗಿ ಹೇಳಿದ್ದು ಇಷ್ಟೇ, "ಅಕ್ಕ, ಹಿಂದೆ ಗೋಡೆ ಬಿರುಕು, ಸ್ವಿಚ್ ಬೋರ್ಡು ಕಾಣ್ಬಾರದು, ಉಳಿದಿದ್ದು ನೀನು ಹೇಗೆ ಮಾಡಿದ್ರೂ ಸರಿ." ಅಲ್ಲಿಂದ ಶುರು.

ಅಳತೆ

ಬ್ಯಾಕ್‌ಡ್ರಾಪ್ ಎಷ್ಟು ದೊಡ್ಡದಿರಬೇಕು ಅನ್ನೋದು ಹಾಲ್ ನೋಡಿ ತೀರ್ಮಾನ ಮಾಡೋ ವಿಷಯ ಅಲ್ಲ, ಕ್ಯಾಮೆರಾ ನೋಡಿ ತೀರ್ಮಾನ ಮಾಡ್ಬೇಕು. ಫುಲ್ ಫ್ರೇಮ್ ಕ್ಯಾಮೆರಾಗೆ, ಅಂದ್ರೆ ದೊಡ್ಡ ಸೆನ್ಸರ್ ಇರೋ ಕ್ಯಾಮೆರಾಗೆ, 50 ಎಂಎಂ ಲೆನ್ಸ್ ಹಾಕಿ 3 ಮೀಟರ್ ದೂರದಿಂದ ನೋಡಿದ್ರೆ ಅಡ್ಡಕ್ಕೆ ಕಾಣೋದು ಸುಮಾರು 2.2 ಮೀಟರ್ ಮಾತ್ರ. ಆದ್ರೆ ಬಂದಿರೋ ನೆಂಟರೆಲ್ಲ ತೆಗೆಯೋದು ಫೋನಲ್ಲಿ, ಫೋನಿನ ಮೇನ್ ಕ್ಯಾಮೆರಾ ಅಗಲ ಲೆನ್ಸು, ಅದೇ 3 ಮೀಟರ್‌ಗೆ ಅಡ್ಡ ಹಿಡಿದ್ರೆ ಸುಮಾರು 4 ಮೀಟರ್, ನೆಟ್ಟಗೆ ಹಿಡಿದ್ರೆ 3 ಮೀಟರ್ ಹತ್ರ ಕಾಣತ್ತೆ. 4 ಮೀಟರ್ ಮಾಡೋಕೆ ಹೋದ್ರೆ ಪೈಪು, ಬಟ್ಟೆ, ಹೂವು ಎಲ್ಲಾ ಏರತ್ತೆ, ಹಾಗಾಗಿ 3 ಮೀಟರ್ ಅಗಲ 2.4 ಮೀಟರ್ ಎತ್ತರಕ್ಕೆ ನಿಲ್ಲಿಸಿ, ಎರಡೂ ಪಕ್ಕದಲ್ಲಿ ಅರ್ಧರ್ಧ ಮೀಟರ್‌ಗೆ ಮನೆಯವರ, ಪಕ್ಕದವರ ಎತ್ತರದ ಹೂಕುಂಡ ತಂದಿಡೋದು ಅಂತ ಮಾಡಿದ್ವಿ. ಗ್ರೂಪ್ ಫೋಟೋ ಅಂಚು ತುಂಬೋಕೆ ಗಿಡಕ್ಕಿಂತ ಚೆನ್ನಾಗಿರೋದು ಇನ್ನೊಂದಿಲ್ಲ, ಖರ್ಚೂ ಇಲ್ಲ.

ಇನ್ನೊಂದು ಗಮನಿಸಿದ್ದು. ಮನೇಲಿ ಇಬ್ಬರನ್ನ ಕುರ್ಚಿ ಮೇಲೆ ಕೂರಿಸಿ, ಆಮೇಲೆ ನಿಲ್ಲಿಸಿ, ಹಿಂದೆ ಗೋಡೆಗೆ ಚಾಕ್‌ಪೀಸಲ್ಲಿ ಗುರುತು ಹಾಕಿ ಫೋಟೋ ತೆಗೆದ್ವಿ. ನೆಲದಿಂದ 1 ಮೀಟರ್ ತನಕ ಏನಿದ್ರೂ ಫೋಟೋಲಿ ಕಾಣಲ್ಲ, ಕುರ್ಚಿ, ಬಟ್ಟೆ, ಜನ ಮುಚ್ಚಿಬಿಡ್ತಾರೆ. ಕಣ್ಣಿಗೆ ಬೀಳೋದು 1ರಿಂದ 2.2 ಮೀಟರ್ ನಡುವಿನ ಪಟ್ಟಿ. ಅಲ್ಲಿಗೆ ಹೂವಿನ ಕೆಲಸ ಅರ್ಧಕ್ಕರ್ಧ ಉಳೀತು, ಕೆಳಗಡೆ ಬರೀ ಬಟ್ಟೆ.

ಫ್ರೇಮು

ಮರದ ರೀಪರ್ ಹಾಕಬಹುದಿತ್ತು, ಗಟ್ಟಿ ಇರತ್ತೆ, ಆದ್ರೆ ಸಾಗಿಸೋಕೆ ಗಾಡಿ ಬೇಕು. 1 ಇಂಚಿನ ಪಿವಿಸಿ ಪೈಪು ತಗೊಂಡ್ವಿ. ಪಿವಿಸಿಲಿ ಇರೋ ತೊಂದರೆ ಅಂದ್ರೆ 3 ಮೀಟರ್ ಉದ್ದದ ಪೈಪನ್ನ ಎರಡೇ ತುದಿಗೆ ಕೊಟ್ಟು ಮೇಲೆ ಬಟ್ಟೆ ತೂಗುಹಾಕಿದ್ರೆ ನಡುವೆ ಜೋತು ಬೀಳತ್ತೆ, ಫೋಟೋಲಿ ಮೇಲಂಚು ಬಿಲ್ಲಿನ ಥರ ಕಾಣತ್ತೆ. ಅದಕ್ಕೆ 1 ಮೀಟರ್‌ಗೊಂದು ಕಂಬ, ಒಟ್ಟು ನಾಲ್ಕು ಕಂಬ, ಮೂರು ಅಂಕಣ. ಪ್ರತಿ ಕಂಬನೂ 1.2 ಮೀಟರಿನ ಎರಡು ತುಂಡು, ನಡುವೆ ಕಪ್ಲರ್, ಅಂದ್ರೆ ಎರಡು ಪೈಪನ್ನ ನೇರಕ್ಕೆ ಸೇರಿಸೋ ತುಂಡು. ಹೀಗೆ ಮಾಡಿದ್ರಿಂದ ಯಾವ ತುಂಡೂ 1.2 ಮೀಟರ್ ದಾಟಲ್ಲ, ಎಲ್ಲಾ ಕಟ್ಟಿ ಕಾರಿನ ಹಿಂದಿನ ಸೀಟಲ್ಲಿ ಅಡ್ಡ ಇಡಬಹುದು.

ಅಂಟು ಹಾಕಲೇ ಇಲ್ಲ. ಪಿವಿಸಿಗೆ ಹಾಕೋ ಸಾಲ್ವೆಂಟ್ ಎರಡೂ ಭಾಗದ ಮೇಲ್ಮೈ ಕರಗಿಸಿ ಒಂದೇ ಮಾಡಿಬಿಡತ್ತೆ, ಆಮೇಲೆ ಬಿಚ್ಚೋ ಮಾತೇ ಇಲ್ಲ. ನಮಗೆ ಬಿಚ್ಚಿ ಒಯ್ಯೋದು, ಆಮೇಲೆ ಇನ್ನೊಬ್ಬರಿಗೆ ಕೊಡೋದು ಎರಡೂ ಬೇಕಿತ್ತು. ಹಾಗಾಗಿ ಪೈಪನ್ನ ಟೀ (T ಆಕಾರದ ಜೋಡಣೆ ತುಂಡು) ಒಳಗೆ ಪೂರ್ತಿ ತಳ್ಳಿ, ಎರಡೂ ಸೇರಿಸಿ ಅಡ್ಡ ತೂತು ಕೊರೆದು 6 ಎಂಎಂ ಬೋಲ್ಟು, ವಾಷರ್, ರೆಕ್ಕೆ ನಟ್ಟು. ರೆಕ್ಕೆ ನಟ್ಟು ಯಾಕಂದ್ರೆ ಸ್ಪ್ಯಾನರ್ ಹುಡುಕೋ ಕೆಲಸ ಇರಲ್ಲ, ಬೆರಳಲ್ಲೇ ಆಗತ್ತೆ. ತೂತು ಕೊರೆಯೋ ಮುಂಚೆ ಫ್ರೇಮ್ ಪೂರ್ತಿ ನೆಲದ ಮೇಲೆ ಜೋಡಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ಸಮ ಬಂದ ಮೇಲೇ ಡ್ರಿಲ್ ಹಿಡಿದ್ವಿ, 3 ಮೀಟರ್‌ಗೆ 2.4 ಮೀಟರ್ ಅಂದ್ರೆ ಕರ್ಣ 3.84 ಮೀಟರ್ ಬರಬೇಕು. ಪ್ರತಿ ಜಾಯಿಂಟಿನ ಎರಡೂ ಕಡೆ ಪರ್ಮನೆಂಟ್ ಮಾರ್ಕರಲ್ಲಿ ಒಂದೇ ನಂಬರ್ ಬರೆದ್ವಿ, 1ಕ್ಕೆ 1, 2ಕ್ಕೆ 2. ಕೈಯಲ್ಲಿ ಕೊರೆದ ತೂತು ಯಾವತ್ತೂ ಒಂದರಂತೆ ಇನ್ನೊಂದು ಇರಲ್ಲ, ನಂಬರ್ ಇಲ್ಲದೆ ಜೋಡಿಸೋಕೆ ಹೋದ್ರೆ ಯಾವುದಕ್ಕೂ ಯಾವುದೂ ಸೇರಲ್ಲ.

ಬೀಳದ ಹಾಗೆ ನಿಲ್ಲಿಸೋದು

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ಸಿದ್ದು ಇದು, ಹೂವು ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಯಾರಿಗೂ ನೋವಾಗಲ್ಲ, ಫ್ರೇಮು ಬಿದ್ರೆ ಆಗತ್ತೆ. ನಮ್ಮ ಜಾಗ ಮೇಲೆ ಚಾವಣಿ ಇದ್ದು ಪಕ್ಕ ತೆರೆದಿರೋದು, ಗಾಳಿ ಬರತ್ತೆ.

ಲೆಕ್ಕ ಹೀಗಿದೆ. ಗಂಟೆಗೆ 36 ಕಿಮೀ ವೇಗದ ಗಾಳಿ, ಅಂದ್ರೆ ಸೆಕೆಂಡಿಗೆ 10 ಮೀಟರ್, ಒಂದು ಚದರ ಮೀಟರ್ ಬಟ್ಟೆ ಮೇಲೆ ಸುಮಾರು 60 ನ್ಯೂಟನ್ ಒತ್ತಡ ಹಾಕತ್ತೆ. ನಮ್ಮ ಪರದೆ 3 ಗುಣಿಸು 2.4, ಅಂದ್ರೆ 7.2 ಚದರ ಮೀಟರ್, ಒಟ್ಟು 430 ನ್ಯೂಟನ್ ಚಿಲ್ಲರೆ, ಸುಮಾರು 44 ಕೆಜಿ ಭಾರದಷ್ಟು ಜೋರಲ್ಲಿ ತಳ್ಳಿದ ಹಾಗೆ, ಪರದೆ ಚಪ್ಪಟೆಯಾಗಿರೋದ್ರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಜಾಸ್ತಿನೇ. ಗಾಳಿ ವೇಗ ಅರ್ಧ ಆದ್ರೆ ಬಲ ಕಾಲು ಭಾಗಕ್ಕೆ ಇಳಿಯತ್ತೆ, ಗಂಟೆಗೆ 18 ಕಿಮೀಗೆ 11 ಕೆಜಿಯಷ್ಟು. ಈ ತಳ್ಳೋ ಬಲ ಪರದೆಯ ನಡುವಿಗೆ, 1.2 ಮೀಟರ್ ಎತ್ತರಕ್ಕೆ ಬೀಳತ್ತೆ ಅಂದ್ಕೊಳ್ಳಿ. ಕಂಬದ ಬುಡದಿಂದ ಹಿಂದಕ್ಕೆ ನೆಲದ ಮೇಲೆ ಚಾಚೋ ಪೈಪು, ಅಂದ್ರೆ ಹಿಂದಿನ ಕಾಲು, 60 ಸೆಂಮೀ ಇದ್ರೆ ಕಂಬದ ಬುಡದಲ್ಲಿ ಅದರ ಎರಡರಷ್ಟು ತೂಕ ಬೇಕು, ಅಂದ್ರೆ 18 ಕಿಮೀ ಗಾಳಿಗೇ 22 ಕೆಜಿ, ಸೇಫ್ಟಿಗೆ ಇನ್ನಷ್ಟು. 36 ಕಿಮೀಗೆ 90 ಕೆಜಿ ಹತ್ರ ಹೋಗತ್ತೆ, ಅದು ನಮ್ಮ ಕೈಲಾಗೋ ಮಾತಲ್ಲ.

ಪೈಪೊಳಗೆ ಮರಳು ತುಂಬಿದ್ರೆ ಸಾಕಲ್ವಾ ಅಂತ ಭಾವ ಕೇಳಿದ್ರು. 1 ಇಂಚಿನ ಪೈಪಲ್ಲಿ ಮೀಟರ್‌ಗೆ ಹಿಡಿಯೋದು ಒಂದು ಕೆಜಿ ಆಸುಪಾಸು ಮರಳು, ಹಾಗಾಗಿ ಅದು ಬಿಟ್ವಿ. 10 ಲೀಟರಿನ ನೀರಿನ ಕ್ಯಾನು ಎಂಟು ಒಟ್ಟು ಮಾಡಿದ್ವಿ, ಒಂದು ಲೀಟರ್ ನೀರು ಒಂದು ಕೆಜಿ, ಹೋಗ್ತಾ ಖಾಲಿ ಒಯ್ದು ಅಲ್ಲೇ ತುಂಬಿಸಬಹುದು, ಸಾಗಿಸೋ ಭಾರ ಇಲ್ಲ. ಪ್ರತಿ ಕಂಬದ ಬುಡದಲ್ಲಿ ಒಂದು, ಹಿಂದಿನ ಕಾಲಿನ ತುದಿಯಲ್ಲಿ ಒಂದು, ಎರಡನ್ನೂ ಪೈಪಿಗೆ ಹಗ್ಗದಲ್ಲಿ ಬಿಗಿದು ಕಟ್ಟಿದ್ದು. ಎಲ್ಲಾ ತೂಕನೂ ಹಿಂದಿನ ತುದಿಯಲ್ಲೇ ಇಟ್ಟುಬಿಡೋದನ್ನ ಸುಮಾರು ಕಡೆ ನೋಡಿದೀನಿ, ಮುಂದಿನಿಂದ ಗಾಳಿ ಬಂದ್ರೆ ಫ್ರೇಮು ಅದೇ ತುದಿ ಮೇಲೆ ಹಿಂದಕ್ಕೆ ಮಗುಚಿಕೊಳ್ಳತ್ತೆ, ಅಲ್ಲಿಟ್ಟಿರೋ ತೂಕ ಆಗ ಯಾವ ಉಪಯೋಗಕ್ಕೂ ಬರಲ್ಲ. ಮುಂದಕ್ಕೂ 20 ಸೆಂಮೀ ಕಾಲು ಕೊಟ್ವಿ, ಬಟ್ಟೆ ಅದನ್ನ ಮುಚ್ಚತ್ತೆ.

ಇದಲ್ಲದೆ ಮೇಲಿನ ಎರಡು ಮೂಲೆಯಿಂದ ಹಿಂದಿರೋ ಚಾವಣಿಯ ಕಂಬಕ್ಕೆ ಹಗ್ಗ, ಬಟ್ಟೆನ ಕೆಳಗೆ ಬಿಗಿಯಾಗಿ ಕಟ್ಟದೆ ಸಡಿಲ ಬಿಟ್ಟು ಮೂರು ಅಂಕಣದ ನಡುವೆ ಸೀಳು ಬಿಟ್ಟಿದ್ದು, ಗಾಳಿ ಬಂದ್ರೆ ಹಾದುಹೋಗ್ಲಿ ಅಂತ. ಮತ್ತೆ ಚಿಕ್ಕಪ್ಪನ ಮಗನಿಗೆ ಒಂದೇ ಕೆಲಸ: ಗಾಳಿ ಜೋರಾಯ್ತು ಅನ್ಸಿದ್ರೆ ಯಾರನ್ನೂ ಕೇಳದೆ ಬಟ್ಟೆ ಇಳಿಸಿಬಿಡು, ಖಾಲಿ ಪೈಪಿಗೆ ಗಾಳಿ ಏನೂ ಮಾಡಲ್ಲ. ಹೊರಗಡೆ ಪೂರ್ತಿ ಬಯಲಲ್ಲಿ ಮದುವೆ ಇಟ್ಕೊಂಡಿರೋರು ಈ ಥರದ ಫ್ರೇಮಿಗೆ ಬಟ್ಟೆನೇ ಬೇಡ ಅಂತ ನಾನು ಹೇಳ್ತೀನಿ, ರಿಬ್ಬನ್ ಪಟ್ಟಿ ಇಳಿಬಿಡಿ, ನಡುವೆ ಜಾಗ ಇರತ್ತೆ.

ಬಟ್ಟೆ

ಹೊಸದು ತಗೊಳ್ಳಲಿಲ್ಲ, ಮನೆಮನೆಯ ಹಳೇ ಬೆಡ್‌ಶೀಟು, ಪರದೆ ಒಟ್ಟು ಮಾಡಿದ್ವಿ. ನೆರಿಗೆ ಚೆನ್ನಾಗಿ ಬೀಳ್ಬೇಕು ಅಂದ್ರೆ ಬೇಕಾದ ಅಗಲದ ಒಂದೂವರೆಯಿಂದ ಎರಡು ಪಟ್ಟು ಬಟ್ಟೆ ಬೇಕು, 3 ಮೀಟರ್‌ಗೆ ನಾಲ್ಕೂವರೆಯಿಂದ ಆರು ಮೀಟರ್. ನಾವು ಐದು ಮೀಟರ್ ಹತ್ರ ಹೊಂದಿಸಿದ್ವಿ. ಒಂದೊಂದು ಶೀಟು ಒಂದೊಂದು ಥರ ಬಿಳಿ, ಒಂದು ಹಳದಿ ತಿರುಗಿದ್ದು, ಒಂದು ನೀಲಿ ಹಾಕಿ ಒಗೆದಿದ್ದು, ಹಾಗೇ ತೂಗುಹಾಕಿದ್ರೆ ತೇಪೆ ತೇಪೆ ಕಾಣತ್ತೆ, ಹಾಗಾಗಿ ಎಲ್ಲಾ ಒಂದೇ ಪಾತ್ರೆಲಿ ತಿಳಿ ಕಂದು ಬಣ್ಣಕ್ಕೆ ಅದ್ದಿದ್ವಿ. ಅದಕ್ಕೂ ಮುಂಚೆ ಹತ್ತಿನಾ ಪಾಲಿಯೆಸ್ಟರ್ರಾ ನೋಡ್ಬೇಕು, ಹತ್ತಿಗೆ ಹಾಕೋ ಬಣ್ಣ ಪಾಲಿಯೆಸ್ಟರ್‌ಗೆ ಹಿಡಿಯಲ್ಲ. ಅಂಚಿಂದ ಒಂದೆರಡು ಎಳೆ ಕಿತ್ತು ಸುಟ್ರೆ ಗೊತ್ತಾಗತ್ತೆ, ಹತ್ತಿ ಕಾಗದದ ವಾಸನೆ ಬಂದು ಬೂದಿ ಆಗತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗತ್ತೆ.

ಬಿಳಿ ಬೇಡ ಅಂದಿದ್ದಕ್ಕೆ ಇನ್ನೂ ಒಂದು ಕಾರಣ ಇದೆ. ಕ್ಯಾಮೆರಾ ಎದುರಿಗಿರೋದನ್ನೆಲ್ಲ ಸರಾಸರಿ ಬೂದು ಮಟ್ಟಕ್ಕೆ ತರೋಕೆ ನೋಡತ್ತೆ, ಹಿಂದೆ ಪೂರ್ತಿ ಬಿಳಿ ಇದ್ರೆ ಬೆಳಕು ಜಾಸ್ತಿ ಇದೆ ಅಂದ್ಕೊಂಡು ಕಮ್ಮಿ ಮಾಡತ್ತೆ, ಮುಖ ಕಪ್ಪಾಗತ್ತೆ. ಸ್ಯಾಟಿನ್ ಥರ ಹೊಳೆಯೋ ಬಟ್ಟೆನೂ ಬೇಡ, ಫ್ಲಾಶ್ ಬಿದ್ದಲ್ಲಿ ಬಿಳೀ ಮಚ್ಚೆ. ತಿಳಿ ಕಂದು ಎರಡೂ ಮನೆಯವರ ಬಟ್ಟೆ ಬಣ್ಣಕ್ಕೂ ಹೊಂದಿತು.

ಪೈಪು ತೂರಿಸೋಕೆ ಮೇಲೆ ಮಡಚಿ ಹೊಲಿಯೋ ಗೂಡು 8 ಸೆಂಮೀ ಇಟ್ವಿ, ಪೈಪಿನ ಹೊರವ್ಯಾಸ ಸುಮಾರು 33 ಎಂಎಂ, ಸುತ್ತಳತೆ 10 ಸೆಂಮೀ ಚಿಲ್ಲರೆ, ಚಪ್ಪಟೆ ಮಡಿಕೆಗೆ 5 ಸೆಂಮೀ ಮೇಲೆ ಬೇಕೇ ಬೇಕು, ಬೋಲ್ಟಿನ ತಲೆ ದಾಟೋಕೆ ಉಳಿದಿದ್ದು.

ಹೂವು

ಕ್ರೇಪ್ ಕಾಗದ. ಅದರಲ್ಲಿ ಸಣ್ಣ ಗೆರೆಗೆರೆ ಇರತ್ತೆ, ಆ ಗೆರೆಗೆ ಅಡ್ಡ ಎಳೆದ್ರೆ ಮಾತ್ರ ಹಿಗ್ಗೋದು. ದೊಡ್ಡಮ್ಮ ಕೈಗೆ ತಗೊಂಡ ತಕ್ಷಣ ಕಂಡುಹಿಡಿದ್ರು, "ಈ ಕಡೆ ಎಳೀಬೇಡ ಕಣೆ ಹರಿಯತ್ತೆ, ಹೀಗೆ ಎಳಿ, ನೋಡು ಹೇಗೆ ಬಟ್ಟಲಾಗತ್ತೆ" ಅಂತ. ದಳದ ಉದ್ದಕ್ಕೆ ಗೆರೆ ಬರೋ ಹಾಗೆ ಕತ್ತರಿಸಿ, ನಡುವೆ ಎರಡು ಹೆಬ್ಬೆರಳಿಟ್ಟು ಅಗಲಿಸಿದ್ರೆ ದಳ ಗುಳಿ ಬೀಳತ್ತೆ, ತುದಿನ ಪೆನ್ಸಿಲ್ಲಿಗೆ ಸುತ್ತಿದ್ರೆ ಹಿಂದಕ್ಕೆ ಬಾಗತ್ತೆ. ಒಳಗೆ ಐದು ದಳ, ಹೊರಗೆ ಏಳು, ಹಿಂದೆ ರಟ್ಟಿನ ಬಿಲ್ಲೆ.

ಗಾತ್ರ ಯೋಚನೆ ಮಾಡಿ ಇಡ್ಬೇಕು. ಹೂವಿನ ಅಗಲ ಎರಡು ಪಟ್ಟಾದ್ರೆ ಮುಚ್ಚೋ ಜಾಗ ನಾಲ್ಕು ಪಟ್ಟು, ಆದ್ರೆ ಮಾಡೋ ಸಮಯ ನಾಲ್ಕು ಪಟ್ಟಾಗಲ್ಲ, ದಳದ ಸಂಖ್ಯೆ ಅಷ್ಟೇ ಅಲ್ವಾ. ನಾವು 40 ಸೆಂಮೀದು 6, 25 ಸೆಂಮೀದು 14, 12 ಸೆಂಮೀದು 30 ಮಾಡಿದ್ವಿ, ಒಟ್ಟು ಮುಚ್ಚೋದು ಸುಮಾರು 1.8 ಚದರ ಮೀಟರ್, ಪರದೆಯ ಕಾಲು ಭಾಗ. ಎಡಗಡೆ ಮೇಲಿನ ಮೂಲೆಯಿಂದ ನಡುವಿಗೆ ಇಳಿಯೋ ಒಂದು ಗೊಂಚಲು, ಬಲಗಡೆ ಆ 1 ಮೀಟರ್ ಎತ್ತರದಿಂದ ಏರೋ ಚಿಕ್ಕ ಗೊಂಚಲು, ನಡುವೆ ಖಾಲಿ, ಅಲ್ಲಿ ಇಬ್ಬರ ಮುಖ ಬರೋದು, ಹಿಂದೆ ಗಲಾಟೆ ಇರ್ಬಾರದು. ಇಡೀ ಪರದೆನ 12 ಸೆಂಮೀ ಹೂವಲ್ಲೇ ಮುಚ್ಚೋಕೆ ಹೋಗಿದ್ರೆ 600ಕ್ಕಿಂತ ಜಾಸ್ತಿ ಬೇಕಾಗ್ತಿತ್ತು.

ಗ್ಲೂ ಗನ್ ಕಮ್ಮಿ ಬಿಸಿಯದ್ದು ತಗೊಳ್ಳಿ, ಜಾಸ್ತಿ ಬಿಸಿಯದ್ದು ಕಾಗದದ ಈಚೆಗೇ ಬರತ್ತೆ, ಬೆರಳೂ ಸುಡತ್ತೆ. ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇರ್ಲಿ. ಮಕ್ಕಳು ದಳ ಕತ್ತರಿಸೋದು, ದೊಡ್ಡಮ್ಮ ಅತ್ತೆ ಬಾಗಿಸೋದು, ಗನ್ ಮಾತ್ರ ದೊಡ್ಡವರ ಕೈಲಿ. ಕ್ರೇಪಿನ ಬಣ್ಣ ನೀರು ತಾಗಿದ್ರೆ ಬಿಡತ್ತೆ, ಬಿಸಿಲಿಗೆ ಮಂಕಾಗತ್ತೆ, ಹಾಗಾಗಿ ಮಾಡಿದ್ದೆಲ್ಲ ಮುಚ್ಚಿದ ರಟ್ಟಿನ ಡಬ್ಬದಲ್ಲಿ, ಒಂದೇ ಪದರ, ಮೇಲೆ ಇನ್ನೊಂದು ಇಡ್ಬಾರದು.

ಹೂವನ್ನ ಬಟ್ಟೆಗೆ ಅಂಟಿಸಬೇಡಿ. ಬಟ್ಟೆ ಜಗ್ಗತ್ತೆ, ನೆರಿಗೆ ಹಾಳು, ಆಮೇಲೆ ಬಟ್ಟೆನೂ ವಾಪಸ್ ಉಪಯೋಗಕ್ಕೆ ಬರಲ್ಲ. ತೆಳು ತಂತಿ ಜಾಲರಿಯ ತುಂಡು ಕೇಬಲ್ ಟೈಲಿ ಪೈಪಿಗೆ ಕಟ್ಟಿ ಬಟ್ಟೆ ಮುಂದೆ ಇಳಿಬಿಟ್ವಿ, ಪ್ರತಿ ಹೂವಿನ ಬೆನ್ನಲ್ಲೂ ತಂತಿ ಕೊಕ್ಕೆ, ಜಾಲರಿಗೆ ಸಿಕ್ಕಿಸಿದ್ರೆ ಆಯ್ತು. ಜಾಲರಿ ಕಾಣೋ ಕಡೆ ಹಸಿರು ಕಾಗದದ ಎಲೆ. ಮನೆಯ ನೆಲದ ಮೇಲೆ ಪೂರ್ತಿ ಹರವಿ, ಇಷ್ಟ ಆದ ಜೋಡಣೆ ಫೋಟೋ ತೆಗೆದು, ಪ್ರತಿ ಹೂವಿನ ಹಿಂದೆ ನಂಬರ್ ಬರೆದು, ಆ ಫೋಟೋ ಮೇಲೂ ಅದೇ ನಂಬರ್ ಹಾಕಿಟ್ವಿ, ಮದುವೆ ದಿನ ಯಾರ ಕೈಗೆ ಕೊಟ್ರೂ ಸಿಕ್ಕಿಸ್ತಾರೆ.

ಲೈಟು

ಸರದ ಥರದ ಎಲ್ಇಡಿ, ಹಳದಿ ಬೆಳಕಿನದ್ದು, ಡಬ್ಬದ ಮೇಲೆ 2700 ಅಥವಾ 3000 ಕೆಲ್ವಿನ್ ಅಂತಿರತ್ತೆ. ಅದರ ಜೊತೆ 6500ರ ಬಿಳಿ ಲೈಟು ಸೇರಿಸಬೇಡಿ, ಕ್ಯಾಮೆರಾಗೆ ಯಾವುದಕ್ಕೆ ಹೊಂದಿಸ್ಬೇಕು ತಿಳಿಯಲ್ಲ, ಮುಖದ ಒಂದು ಕಡೆ ಹಳದಿ ಇನ್ನೊಂದು ಕಡೆ ನೀಲಿ. ನಾವು ಬಟ್ಟೆ ಹಿಂದೆ ಇಳಿಬಿಟ್ವಿ, ಬೆಳಕು ಬಟ್ಟೆ ಮೂಲಕ ಮೆತ್ತಗೆ ಬರತ್ತೆ, ವೈರೂ ಕಾಣಲ್ಲ.

ವಿಡಿಯೋಲಿ ಪಟ್ಟೆ ಪಟ್ಟೆ ಓಡೋದು ಕಂಡ್ರೆ ಅದು ಲೈಟಿನ ಮಿನುಗು. 50 ಹರ್ಟ್ಜ್ ಕರೆಂಟ್ ಇರೋ ಕಡೆ ಶಟರ್ 1/50 ಅಥವಾ 1/100, 60 ಇರೋ ಕಡೆ 1/60 ಇಡೋಕೆ ವಿಡಿಯೋದವರಿಗೆ ಹೇಳಿ. ಎಕ್ಸ್‌ಟೆನ್ಶನ್ ವೈರು ಸುರುಳಿ ಸುತ್ತಿದ ಹಾಗೇ ಬಿಟ್ಟು ಉಪಯೋಗಿಸಬೇಡಿ, ಪೂರ್ತಿ ಬಿಚ್ಚಿ ಹರಡಿ, ಸುತ್ತಿದಲ್ಲಿ ಬಿಸಿ ಹೊರಗೆ ಹೋಗಲ್ಲ. ಜನ ಓಡಾಡೋ ಕಡೆ ವೈರಿಗೆ ಟೇಪು. ಹಳೇ ಕಾಲದ ಬಿಸಿ ಬಲ್ಬು, ಫೋಕಸ್ ಲೈಟು, ಉರಿಯೋ ದೀಪ, ಮೇಣದಬತ್ತಿ ಯಾವುದೂ ಕಾಗದದ ಹತ್ರ ಸುಳೀಬಾರದು. ಕ್ರೇಪ್ ಕಾಗದ ಎಷ್ಟು ಬೇಗ ಹತ್ತಿಕೊಳ್ಳತ್ತೆ ಅಂತ ಬಚ್ಚಲಲ್ಲಿ ಒಂದು ದಳ ಸುಟ್ಟು ಮನೆಯವರಿಗೆಲ್ಲ ತೋರಿಸಿದೆ, ಆಮೇಲೆ ಯಾರಿಗೂ ಎರಡನೇ ಸಲ ಹೇಳೋ ಅಗತ್ಯ ಬರಲಿಲ್ಲ. ಬೆಂಕಿ ಆರಿಸೋ ಸಿಲಿಂಡರ್ ಹಾಲಲ್ಲಿ ಎಲ್ಲಿದೆ ಅಂತಲೂ ಮೊದಲೇ ನೋಡಿಟ್ಕೊಂಡ್ವಿ.

ಟ್ರಯಲ್

ಮಹಡಿ ಮೇಲೆ ಪೂರ್ತಿ ನಿಲ್ಲಿಸಿದ್ವಿ, ಮದುವೆ ನಡೆಯೋ ಹೊತ್ತಿಗೇ ಸರಿಯಾಗಿ, ಬೆಳಕು ಅದೇ ಇರ್ಲಿ ಅಂತ. ಮೂರು ವಿಷಯ ಸಿಕ್ತು. ಕಂಬದ ನಡುವಿನ ಕಪ್ಲರ್ ಹತ್ರ ಸಣ್ಣ ಅಲುಗಾಟ, ಅಲ್ಲಿ ಒಂದೇ ಬೋಲ್ಟ್ ಇತ್ತು, ಅದಕ್ಕೆ 90 ಡಿಗ್ರಿ ತಿರುಗಿಸಿ ಎರಡನೇದು ಹಾಕಿದ ಮೇಲೆ ನಿಂತಿತು. ಲೈಟ್ ಹಾಕಿದಾಗ ಬಟ್ಟೆಯ ಹೊಲಿಗೆ ಜೋಡಣೆ ಕಪ್ಪು ಗೆರೆಯಾಗಿ ಕಾಣ್ತಿತ್ತು, ಆ ಹೊಲಿಗೆ ಕಂಬದ ಮುಂದೆ ಬರೋ ಹಾಗೆ ಸರಿಸಿದ್ವಿ, ಎರಡೂ ಗೆರೆ ಒಂದೇ ಆಯ್ತು. ಇಬ್ಬರೂ ಪರದೆಗೆ ಅಂಟಿಕೊಂಡು ನಿಂತ್ರೆ ಫ್ಲಾಶಿನ ನೆರಳು ಹಿಂದೆ ಗಾಢವಾಗಿ ಬೀಳ್ತಿತ್ತು, 60 ಸೆಂಮೀ ಮುಂದೆ ಬಂದ್ರೆ ನೆರಳು ಕೆಳಗೆ ಇಳಿದು ಹೋಯ್ತು, ಹಾಗಾಗಿ ಸ್ಟೇಜ್ ನೆಲಕ್ಕೆ ಆ ದೂರದಲ್ಲಿ ಟೇಪ್ ಗುರುತು ಹಾಕೋದು ಅಂತ ಬರೆದಿಟ್ವಿ.

ಮದುವೆ ದಿನ ಬೆಳಿಗ್ಗೆ ಭಾವ ಮತ್ತೆ ಚಿಕ್ಕಪ್ಪನ ಮಗ ಇಬ್ಬರೇ ನಿಲ್ಲಿಸಿದ್ರು, ಮೊದಲು ಕಾಲು ಕಂಬ, ಆಮೇಲೆ ನೀರು ತುಂಬಿದ ಕ್ಯಾನು, ಆಮೇಲೆ ಹಗ್ಗ, ಕೊನೇಲಿ ಬಟ್ಟೆ. ತೂಕ ಇಡೋ ಮುಂಚೆ ಬಟ್ಟೆ ಏರಿಸಲ್ಲ ಅಂತ ಮಾತಾಗಿತ್ತು. ನಾನು ಆ ಹೊತ್ತಿಗೆ ತಂಗಿ ಜೊತೆ ಒಳಗಿದ್ದೆ, ಅವಳ ಜಡೆ ಹಾಕ್ತಾ ಇದ್ದೆ, ಹೊರಗೆ ಏನಾಗ್ತಿದೆ ಅಂತ ಒಂದು ಸಲನೂ ಎದ್ದು ಹೋಗಿ ನೋಡೋ ಹಾಗಾಗಲಿಲ್ಲ, ನನಗೆ ಬೇಕಿದ್ದಿದ್ದೂ ಅದೇ.

ಬಿಚ್ಚಿದ ಮೇಲೆ ಬೆಡ್‌ಶೀಟೆಲ್ಲ ತಿಳಿ ಕಂದು ಬಣ್ಣದಲ್ಲೇ ಅವರವರ ಮನೆಗೆ ಹೋದ್ವು, ಕ್ಯಾನುಗಳೂ ವಾಪಸ್. ಪೈಪು, ಬೋಲ್ಟು, ಜಾಲರಿ, ಹೂವಿನ ಡಬ್ಬ ಈಗ ತಂಗಿಯ ಗೆಳತಿ ಮನೇಲಿವೆ, ಅವಳ ಮದುವೆ ಚಿಕ್ಕ ರೂಮಲ್ಲಿ, ಹಾಗಾಗಿ ಎರಡೇ ಅಂಕಣ, 2 ಮೀಟರ್. ಅದಕ್ಕೆ ಒಂದು ಕಂಬ, ಒಂದು ಮೇಲಿನ ಪೈಪು ತೆಗೆದು, ತುದಿಯ ಟೀ ಬದಲು ಎಲ್ಬೋ (ಮೂಲೆಯ L ಆಕಾರದ ತುಂಡು) ಬರೋ ಹಾಗೆ 4ನೇ ನಂಬರಿನ ಕಂಬನ 3ರ ಜಾಗಕ್ಕೆ ತರ್ಬೇಕು, ಆ ಜೋಡಿಗೆ ಹೊಸ ತೂತು ಕೊರೆಯೋದು ಮಾತ್ರ ಬಾಕಿ, ಭಾನುವಾರ ಡ್ರಿಲ್ ತಗೊಂಡು ಹೋಗ್ತೀನಿ ಅಂತ ಹೇಳಿದೀನಿ.